ಸುಂಕದ ಕಟ್ಟೆಗಳೂ ಮೊಹರಾದ ಲಾರಿಯೂ

ಶಿಕಾರಿಪುರ ತಾಲೂಕಿನ ಹನ್ನೊಂದನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ಐನೂರ್ವರ ಪ್ರಶಸ್ತಿಯಲ್ಲಿ ಅವರು ಸಂಚರಿಸಿದ ನಾಡುಗಳನ್ನು ಎಣಿಸುವಾಗ ಚೇರ, ಚೋಳ, ಪಾಂಡ್ಯ, ಮಗಧ, ಕೋಸಲಗಳೊಡನೆ ನೇಪಾಳ, ಪಾರಸಗಳನ್ನೂ ಸೇರಿಸುತ್ತದೆ. ಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆ ಸಹಜವಾದುದರಿಂದ ಪಟ್ಟಿಯನ್ನೆಲ್ಲ ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಹಲವು ಅರಸರ ಸೀಮೆಗಳನ್ನು ದಾಟುವ ವರ್ತಕನಿಗೆ ದಾರಿಯ ದೂರದಷ್ಟೇ ಸುಂಕದ ಕಟ್ಟೆಗಳೂ ಚಿಂತೆಯ ವಿಷಯವಾಗಿದ್ದುವೆಂಬುದನ್ನು, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಮತ್ತೆ ಮತ್ತೆ ಬರುವ ಆ ಕಾಲದ ಶಾಸನಗಳಿಂದ ಊಹಿಸಬಹುದು. ಎತ್ತಿನ ಹೇರು ಹೋಗಿ ಲಾರಿ ಬಂದ ಇಪ್ಪತ್ತನೆಯ ಶತಮಾನದಲ್ಲಿಯೂ ಈ ಚಿಂತೆ ತಪ್ಪಲಿಲ್ಲ. ಅದಕ್ಕೆ ಯೂರೋಪು ಕಂಡುಕೊಂಡ ಪರಿಹಾರವೂ, ಆ ಪರಿಹಾರ ಪೂರ್ವಕ್ಕೆ ಹರಡುತ್ತ ಬಂದು ವಾಘಾ ಗಡಿಯಲ್ಲಿ ತಡೆದು ನಿಂತ ಬಗೆಯೂ ವಿಚಾರಾರ್ಹವಾಗಿವೆ.

ತೊಡಕಿನ ಮೂಲ ಸರಳವಾದುದು. ಬೆಲ್ಜಿಯಮಿನಿಂದ ತುರ್ಕಿಗೆ ಹೊರಟ ಯಂತ್ರವೊಂದು ಆಸ್ಟ್ರಿಯದಲ್ಲಿ ಮಾರಾಟಕ್ಕಿಲ್ಲ; ಆದುದರಿಂದ ಅಲ್ಲಿ ಅದಕ್ಕೆ ಆಮದು ಸುಂಕ ಸಲ್ಲಬೇಕಾದುದಿಲ್ಲ. ಆದರೆ ಒಂದು ಗಡಿಯಲ್ಲಿ ಒಳಹೊಕ್ಕ ಲಾರಿ ಮತ್ತೊಂದು ಗಡಿಯಲ್ಲಿ ತುಂಬಿದಂತೆಯೇ ಹೊರಬೀಳುವುದೆಂದು ಅಲ್ಲಿಯ ಸುಂಕದ ಅಧಿಕಾರಿ ಯಾವ ಧೈರ್ಯದಿಂದ ನಂಬಬೇಕು? ನಡುದಾರಿಯಲ್ಲಿ ಸರಕು ಗುಟ್ಟಾಗಿ ಇಳಿದರೆ ನಷ್ಟ ಬೊಕ್ಕಸಕ್ಕೆ. ಹೀಗಾಗಿ ಅವನು ಸುಂಕದಷ್ಟು ಹಣವನ್ನು ಠೇವಣಿಯಾಗಿ ಕೇಳುವನು. ಇಲ್ಲವೆ ಹೇರನ್ನೆಲ್ಲ ಇಳಿಸಿ ಎಣಿಸುವನು. ಇಲ್ಲವೆ ಕಾವಲಿನವನೊಬ್ಬನನ್ನು ಗಾಡಿಯೊಡನೆ ಕಳುಹಿಸುವನು. ಆರು ದೇಶಗಳನ್ನು ದಾಟುವ ಲಾರಿಗೆ ಆರು ಸಲ ಇದೇ ವಿಧಿ. ಸರಕಿನ ಬೆಲೆಯನ್ನೂ ಮೀರುವಷ್ಟು ಹಣ ಗಡಿಗಳಲ್ಲಿ ಸಿಕ್ಕಿಕೊಳ್ಳುವ ಸಂಭವವಿದ್ದಿತು.

ಎರಡನೆಯ ಮಹಾಯುದ್ಧದ ಅನಂತರ ಯೂರೋಪಿನ ರೈಲುದಾರಿಗಳೂ ಸೇತುವೆಗಳೂ ಹಾಳಾಗಿದ್ದ ಹೊತ್ತಿನಲ್ಲಿ ಲಾರಿಗೆ ಪ್ರಾಮುಖ್ಯ ಬಂದಿತು. 1947ರಲ್ಲಿ ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗ ಸ್ಥಾಪಿತವಾಯಿತು. 1948ರಲ್ಲಿ ಲಾರಿ ಉದ್ಯಮದವರ ಅಂತರರಾಷ್ಟ್ರೀಯ ರಸ್ತೆ ಸಾರಿಗೆ ಒಕ್ಕೂಟ ಜಿನೀವದಲ್ಲಿ ಹುಟ್ಟಿತು. 1949ರಲ್ಲಿ ಕೆಲವೇ ದೇಶಗಳು ಪರಸ್ಪರ ಒಪ್ಪಂದಕ್ಕೆ ಬಂದುವು. ಅದರ ಅನುಭವದಿಂದ 1959ರ ಒಡಂಬಡಿಕೆಯೂ, ಕಂಟೇನರುಗಳ ಬಳಕೆ ಬೆಳೆದ ಮೇಲೆ 1975ರ ಪರಿಷ್ಕೃತ ಒಡಂಬಡಿಕೆಯೂ ಬಂದುವು. ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ಇದಕ್ಕೆ ‘ಟಿ.ಐ.ಆರ್.’ ಎಂದು ಹೆಸರು. ಲಾರಿಗಳ ಮುಂದೆ ಹಿಂದೆ ಕಾಣುವ ನೀಲಿ ಫಲಕದ ಬಿಳಿಯ ಅಕ್ಷರಗಳು ಇವೇ.

ಈ ಏರ್ಪಾಡಿನ ಜಾಣ್ಮೆ ಅದರ ವಿವರಗಳಲ್ಲಿದೆ. ಲಾರಿಯ ಮೈ ಗುಪ್ತ ಗೂಡುಗಳಿಲ್ಲದಂತೆ ಕಟ್ಟಲ್ಪಟ್ಟು ಅಂಗೀಕೃತವಾಗಿರಬೇಕು. ಟಾರ್ಪಾಲಿನ ಹೊದಿಕೆಯಾದರೆ ಅಂಚಿನ ಉಂಗುರಗಳಲ್ಲೆಲ್ಲ ಹಗ್ಗ ಹಾಯ್ದು, ಅದರ ತುದಿಗಳು ಸೇರುವಲ್ಲಿ ಹೊರಟ ಊರಿನ ಅಧಿಕಾರಿ ಮೊಹರು ಹಾಕುತ್ತಾನೆ. ಹಗ್ಗವನ್ನು ಕತ್ತರಿಸದೆ, ಮೊಹರನ್ನು ಮುರಿಯದೆ ಒಳಗೆ ಕೈ ಹಾಕುವಂತಿಲ್ಲ. ಮುಂದಿನ ದೇಶದವರು ಮೊಹರನ್ನು ಮಾತ್ರ ನೋಡುತ್ತಾರೆ; ವಿಶೇಷ ಸಂಶಯವಿಲ್ಲದೆ ಹೇರನ್ನು ಬಿಚ್ಚಿಸುವುದಿಲ್ಲ. ಲಾರಿಯೊಡನೆ ‘ಕಾರ್ನೆ’ ಎಂಬ ಪುಸ್ತಕವಿರುತ್ತದೆ. ಅದರಲ್ಲಿ ಪ್ರತಿ ದೇಶಕ್ಕೆ ಎರಡು ಹಾಳೆ. ಒಳಬರುವಾಗ ಒಂದನ್ನೂ ಹೊರಹೋಗುವಾಗ ಇನ್ನೊಂದನ್ನೂ ಹರಿದುಕೊಂಡು, ಉಳಿದ ತುಂಡಿನ ಮೇಲೆ ಮುದ್ರೆಯೊತ್ತುತ್ತಾರೆ. ಎರಡೂ ಹಾಳೆಗಳು ತಾಳೆಯಾದರೆ ಆ ದೇಶದ ಲೆಕ್ಕ ಮುಗಿಯಿತು. ತಾಳೆಯಾಗದಿದ್ದರೆ, ಆ ದೇಶದ ಲಾರಿ ಉದ್ಯಮದ ಸಂಘವೇ ಗೊತ್ತಾದ ಮಿತಿಯೊಳಗೆ ಸುಂಕದ ಹೊಣೆ ಹೊರಬೇಕು. ಸಂಘಕ್ಕೆ ಜಿನೀವದ ಒಕ್ಕೂಟದ ಸರಪಳಿಯ ಬೆಂಬಲವುಂಟು. ಪರದೇಶದ ಅಪರಿಚಿತ ಚಾಲಕನನ್ನು ನಂಬುವ ಬದಲು ಅಧಿಕಾರಿ ತನ್ನ ಊರಿನ ಪರಿಚಿತ ಸಂಘವನ್ನು ನಂಬಿದರೆ ಸಾಕು. ಹಳೆಯ ಕಾಲದ ಹುಂಡಿಯ ವ್ಯವಹಾರವನ್ನು ಬಲ್ಲವರಿಗೆ ಇದು ಹೊಸದೆಂದು ತೋರಲಾರದು.

ಪಯಣವನ್ನು ಯೋಜಿಸುವವನ ಮೊದಲ ಲೆಕ್ಕವೂ ಇಲ್ಲಿಯೇ ಹುಟ್ಟುತ್ತದೆ. ಕಾರ್ನೆಗಳು 4, 6, 14, 20 ಹಾಳೆಗಳಾಗಿ ದೊರೆಯುತ್ತವೆ. ದಾರಿಯ ದೇಶಗಳನ್ನು ಎಣಿಸಿ, ಎರಡರಿಂದ ಗುಣಿಸಿ ಪುಸ್ತಕವನ್ನು ಪಡೆಯಬೇಕು. ಎಣಿಕೆ ತಪ್ಪಿದರೆ ಕೊನೆಯ ಗಡಿಯಲ್ಲಿ ಹಾಳೆ ಮುಗಿದು ಲಾರಿ ನಿಂತೀತು.

ಈ ಏರ್ಪಾಡು ನಿಜವಾದ ಪರೀಕ್ಷೆಗೆ ಗುರಿಯಾದದ್ದು ಲಂಡನ್-ಟೆಹರಾನ್ ದಾರಿಯಲ್ಲಿ. 1967ರಿಂದ 1975ರವರೆಗೆ ಸೂಯೆಜ್ ಕಾಲುವೆ ಮುಚ್ಚಿದ್ದಿತು. 1973ರ ಅನಂತರ ತೈಲದ ಹಣ ಹರಿದು ಇರಾನಿನ ಆಮದು ಹೆಚ್ಚಿದಾಗ ಖುರ್ರಮ್‌ಶಹರಿನ ಬಂದರಿನಲ್ಲಿ ಹಡಗುಗಳು ತಿಂಗಳುಗಟ್ಟಲೆ ಸರದಿ ಕಾದುವು. ಆಗ ಪಶ್ಚಿಮ ಜರ್ಮನಿ, ಆಸ್ಟ್ರಿಯ, ಯುಗೋಸ್ಲಾವಿಯ, ಬಲ್ಗೇರಿಯ, ತುರ್ಕಿಗಳ ಮೂಲಕ ಲಾರಿಗಳ ಸಾಲು ಹೊರಟಿತು. 1973ರ ಅಕ್ಟೋಬರಿನಲ್ಲಿ ಬಾಸ್ಫರಸ್ ಸೇತುವೆ ತೆರೆಯುವವರೆಗೆ ಇಸ್ತಾಂಬುಲಿನಲ್ಲಿ ಅವು ದೋಣಿಯೇರಿ ಏಷ್ಯವನ್ನು ಸೇರಬೇಕಾಗಿದ್ದಿತು. ಅಲ್ಲಿಂದ ಮುಂದೆ ಏರ್ಜುರುಮಿನ ಆಚೆಯ ತಾಹಿರ್ ಕಣಿವೆ ಚಳಿಗಾಲದಲ್ಲಿ ಚಾಲಕರಿಗೆ ಸಿಂಹಸ್ವಪ್ನ.

ಆದರೆ ಕಾರ್ನೆಯೊಂದರಿಂದಲೇ ಗಾಡಿ ಸಾಗದು. ಅದು ಸರಕಿನ ಸುಂಕವನ್ನಷ್ಟೇ ಬಗೆಹರಿಸುತ್ತದೆ. ಪರದೇಶದ ಲಾರಿ ತನ್ನ ರಸ್ತೆಯಲ್ಲಿ ಓಡಬೇಕೋ ಬೇಡವೋ ಎಂಬುದನ್ನು ಆಯಾ ದೇಶವೇ ನಿರ್ಧರಿಸುತ್ತದೆ. ಅದಕ್ಕೆ ಎರಡೆರಡು ದೇಶಗಳ ನಡುವಣ ಪರವಾನಗಿ ಬೇಕು, ಪರವಾನಗಿಗಳಿಗೆ ವಾರ್ಷಿಕ ಮಿತಿಯುಂಟು. ಚಾಲಕನಿಗೆ ವೀಸಾ ಬೇರೆ. ಜರ್ಮನಿಯಲ್ಲಿ ಭಾನುವಾರ ಭಾರಿ ಲಾರಿಗಳು ಓಡಕೂಡದು. ಇರಾನಿನಲ್ಲಿ ಶುಕ್ರವಾರ ಬಿಡುವು. ಬೀಜಕದ ತೂಕಕ್ಕೂ ಕಾರ್ನೆಯ ತೂಕಕ್ಕೂ ಅಂತರ ಬಂದರೆ ಅರರಾತ್ ಬೆಟ್ಟದ ಬುಡದ ಬಾಜರ್ಗಾನ್ ದ್ವಾರದಲ್ಲಿ ದಿನಗಳು ಕಳೆದಾವು. ಸರಕಿನ ದಾರಿ ಒಂದಾದರೂ ಅದರ ಕಾಗದಗಳ ದಾರಿ ಹತ್ತು. 1979ರ ಇರಾನ್ ಕ್ರಾಂತಿ, ಮರುವರ್ಷದ ಇರಾನ್-ಇರಾಕ್ ಯುದ್ಧಗಳಿಂದ ಈ ಸಂಚಾರದ ವೈಭವ ಇಳಿಯಿತು.

ತುರ್ಕಿ, ಇರಾನ್, ಅಫಘಾನಿಸ್ತಾನಗಳು ಕಾಲಕ್ರಮದಲ್ಲಿ ಒಡಂಬಡಿಕೆಯನ್ನು ಸೇರಿದುವು. ಅದರ ಪೂರ್ವಕ್ಕೆ ಕತೆ ಬೇರೆ. ಕಾಬೂಲಿನಿಂದ ಖೈಬರಿನ ಮೂಲಕ ಲಾಹೋರ್, ಅಮೃತಸರಗಳಿಗೆ ಬರುವ ದಾರಿ ಯೂರೋಪಿನ ಯಾವ ದಾರಿಗೂ ಕಡಿಮೆಯಿಲ್ಲದಷ್ಟು ಹಳೆಯದು. ಪೊವಿಂದಾ ವರ್ತಕರ ಒಂಟೆಸಾಲುಗಳು ಗೋಮಲ್ ಕಣಿವೆಯಿಂದಲೂ ಇಳಿದು ಬರುತ್ತಿದ್ದುವು. 1947ರ ವಿಭಜನೆಯಿಂದ ಆ ದಾರಿಗೆ ಅಡ್ಡಲಾಗಿ ಹೊಸ ಗಡಿಯೊಂದು ಬಿದ್ದಿತು. 1961ರ ಸೆಪ್ಟೆಂಬರಿನಲ್ಲಿ, ಹಣ್ಣಿನ ಸುಗ್ಗಿಯ ಹೊತ್ತಿಗೆ ಸರಿಯಾಗಿ, ಪಖ್ತೂನಿಸ್ತಾನದ ವಿವಾದದಿಂದ ಪಾಕಿಸ್ತಾನ-ಅಫಘಾನಿಸ್ತಾನಗಳ ಗಡಿಯೂ ಮುಚ್ಚಿತು. 1963ರಲ್ಲಿ ಇರಾನಿನ ಷಾ ಅವರ ಮಧ್ಯಸ್ಥಿಕೆಯಿಂದ ತೆರೆಯಿತು. 1965ರ ಸಾಗಣೆ ಒಪ್ಪಂದದ ಹಿನ್ನೆಲೆಯಲ್ಲಿ ಈ ಕಹಿ ಅನುಭವವಿದೆಯೆಂಬುದನ್ನು ಮರೆಯಲಾಗದು. 2010ರ ಒಪ್ಪಂದ ಅಫಘಾನ್ ಲಾರಿಗಳಿಗೆ ವಾಘಾವರೆಗೆ ಬರಲು ಅವಕಾಶ ಕೊಟ್ಟಿತು. ಆದರೆ ಭಾರತದ ಸರಕನ್ನು ತುಂಬಿಕೊಂಡು ಮರಳುವ ಅವಕಾಶವನ್ನು ಕೊಡಲಿಲ್ಲ. ಬರುವಾಗ ದ್ರಾಕ್ಷಿ, ಬಾದಾಮಿ. ಹೋಗುವಾಗ ಬರಿಯ ಗಾಡಿ.

2012ರಲ್ಲಿ ಅಟಾರಿಯಲ್ಲಿ ಉಗ್ರಾಣಗಳಿಂದ ಕೂಡಿದ ದೊಡ್ಡ ಗಡಿ ಠಾಣೆಯನ್ನು ಭಾರತ ಕಟ್ಟಿತು. ಪಾಕಿಸ್ತಾನ 2015ರಲ್ಲಿ, ಭಾರತ 2017ರ ಜೂನಿನಲ್ಲಿ ಟಿ.ಐ.ಆರ್. ಒಡಂಬಡಿಕೆಯನ್ನು ಸೇರಿದುವು. ಹೀಗೆ ಕಾಬೂಲಿನಿಂದ ಅಮೃತಸರದವರೆಗಿನ ಮೂರು ದೇಶಗಳೂ ಒಂದೇ ಒಡಂಬಡಿಕೆಯ ಸದಸ್ಯರಾದುವು. ರಸ್ತೆಯಿದ್ದಿತು, ಠಾಣೆಯಿದ್ದಿತು, ಕಾಯಿದೆಯೂ ಇದ್ದಿತು.

ಇವುಗಳ ಬೆಲೆಯೇನೆಂಬುದು 2021ರಲ್ಲಿ ಗೊತ್ತಾಯಿತು. ಹಸಿವಿನ ಚಳಿಗಾಲವನ್ನು ಎದುರಿಸುತ್ತಿದ್ದ ಅಫಘಾನಿಸ್ತಾನಕ್ಕೆ 50,000 ಟನ್ ಗೋಧಿಯನ್ನು ಪಾಕಿಸ್ತಾನದ ಮೂಲಕ ಕಳುಹಿಸುವುದಾಗಿ ಭಾರತ ಅಕ್ಟೋಬರಿನಲ್ಲಿ ಸೂಚಿಸಿತು. ಉತ್ತರ ಬಂದದ್ದು ನವೆಂಬರಿನ ಕೊನೆಯ ಭಾಗದಲ್ಲಿ. ಗೋಧಿ ಯಾರ ಲಾರಿಯಲ್ಲಿ ಹೋಗಬೇಕೆಂಬ ಚರ್ಚೆ ಆ ಮೇಲೂ ನಡೆಯಿತು. ಕೊನೆಗೆ ಅಫಘಾನ್ ಲಾರಿಗಳೇ ಅಟಾರಿಗೆ ಬಂದು ಚೀಲಗಳನ್ನು ತುಂಬಿಕೊಂಡುವು. 2,500 ಟನ್ನಿನ ಮೊದಲ ತಂಡ ಹೊರಟದ್ದು 2022ರ ಫೆಬ್ರುವರಿ 22ರಂದು. ಚಳಿಗಾಲ ಮುಗಿಯುತ್ತ ಬಂದಿದ್ದಿತು. ದಾನದ ಗೋಧಿಗೆ ಸುಂಕದ ಭಯವಿಲ್ಲ, ಕಳ್ಳಮಾರಾಟದ ಶಂಕೆಯೂ ಮುಖ್ಯವಾಗಿರಲಿಲ್ಲ. ಜಿನೀವದ ಮೊಹರು ಬೊಕ್ಕಸದ ಭಯಕ್ಕೆ ಮದ್ದಾಗಿ ಹುಟ್ಟಿದುದು. ಇಲ್ಲಿದ್ದ ಭಯ ಆ ಜಾತಿಯದಲ್ಲ.

ಭಾರತ ಬೇರೆ ದಾರಿಯನ್ನೂ ಹುಡುಕಿಕೊಂಡಿದ್ದಿತು. ಅಫಘಾನಿಸ್ತಾನದ ಜರಂಜ್-ದೆಲಾರಾಮ್ ರಸ್ತೆಯನ್ನು ತಾನೇ ಕಟ್ಟಿ 2009ರಲ್ಲಿ ಒಪ್ಪಿಸಿತು. 2017ರ ಅಕ್ಟೋಬರಿನಲ್ಲಿ ಕಾಂಡ್ಲಾದಿಂದ ಇರಾನಿನ ಚಾಬಹಾರ್ ಮಾರ್ಗವಾಗಿ ಗೋಧಿಯ ಹಡಗು ಹೊರಟಿತು. 2023ರಲ್ಲಿ ಮತ್ತೆ 20,000 ಟನ್ ಗೋಧಿಯನ್ನು ವಿಶ್ವ ಆಹಾರ ಕಾರ್ಯಕ್ರಮದೊಡನೆ ಇದೇ ಮಾರ್ಗದಿಂದ ಕಳುಹಿಸುವುದಾಗಿ ಪ್ರಕಟವಾಯಿತು. ಅಮೃತಸರದಿಂದ ಜಲಾಲಾಬಾದಿಗೆ ಲಾರಿ ಓಡಬಹುದಾದಲ್ಲಿ, ಸಮುದ್ರವನ್ನು ಸುತ್ತಿ ಮತ್ತೊಂದು ದೇಶವನ್ನು ಹಾಯುವ ದಾರಿ ಇದು.

2025ರ ಏಪ್ರಿಲಿನಲ್ಲಿ ಪಹಲ್ಗಾಮಿನ ಹತ್ಯಾಕಾಂಡದ ಅನಂತರ ಅಟಾರಿ ಠಾಣೆ ಮುಚ್ಚಲ್ಪಟ್ಟಿತು. ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 160 ಅಫಘಾನ್ ಲಾರಿಗಳಿಗೆ ಮೇ ತಿಂಗಳಲ್ಲಿ ಭಾರತ ವಿಶೇಷ ಅನುಮತಿಯನ್ನು ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಕಿಸ್ತಾನ-ಅಫಘಾನಿಸ್ತಾನಗಳ ಸೇನೆಗಳ ನಡುವೆ ಘರ್ಷಣೆಯಾಗಿ ತೋರ್ಖಮ್ ದ್ವಾರವೂ ಮುಚ್ಚಿತು. 1961ರಂತೆ ಆಗಲೂ ಅದು ಹಣ್ಣಿನ ಸುಗ್ಗಿಯ ಕಾಲವೇ ಆಗಿದ್ದಿತು.