ಬೀದಿಯ ಪರದೆಯ ಮೇಲಿನ ಜಗಜಟ್ಟಿ

ಬೊಂಬಾಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ಆಗ ಇಡೀ ಚಾಳಿಗೆ ಒಂದೋ ಎರಡೋ ಸೆಟ್ಟು. ಅದಿದ್ದ ಮನೆಯವರು ಪುಣ್ಯವಂತರೋ ಪಾಪಿಗಳೋ ಹೇಳುವುದು ಕಷ್ಟ. ಭಾನುವಾರ ಸಂಜೆ ಸಿನಿಮಾ ಶುರುವಾಗುವ ಹೊತ್ತಿಗೆ ಅವರ ಹೊಸ್ತಿಲಾಚೆ ಚಪ್ಪಲಿಗಳ ರಾಶಿ ಬಿದ್ದಿರುತ್ತಿತ್ತು. ಕಿಟಕಿಯ ಸರಳುಗಳಿಗೆ ಮಕ್ಕಳು ಬಾವಲಿಗಳ ಹಾಗೆ ಜೋತುಬಿದ್ದಿರುತ್ತಿದ್ದರು. ನಾವೂ ಆ ಕಿಟಕಿಗೆ ಜೋತವರೇ. ಆದ್ದರಿಂದ, ಜಪಾನಿಗೆ ಟೆಲಿವಿಷನ್ ಹೊಸತಾಗಿ ಬಂದ ಕಾಲದಲ್ಲಿ ಸಾವಿರಗಟ್ಟಲೆ ಜನ ರೈಲ್ವೆ ಸ್ಟೇಷನ್ನಿನ ಮುಂದೆ ಕತ್ತು ನೀಡಿ ನಿಂತು ಕುಸ್ತಿ ನೋಡುತ್ತಿದ್ದರೆಂದು ಓದಿದಾಗ, ಅದು ನಮಗೆ ದೂರದ ದೇಶದ ಸುದ್ದಿ ಎನಿಸಲಿಲ್ಲ. ಆ ಕುಸ್ತಿಯ ಕತೆಯನ್ನು, ಅದಕ್ಕಿಂತ ಮಿಗಿಲಾಗಿ ಅದರ ನಾಯಕನ ಕತೆಯನ್ನು, ನಮ್ಮ ಓದುಗರ ಮುಂದಿಡುವ ಮನಸ್ಸಾಗಿದೆ.

ಜಪಾನಿನಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್.ಎಚ್.ಕೆ. 1953ರ ಫೆಬ್ರವರಿ 1ರಂದು ಟೆಲಿವಿಷನ್ ಆರಂಭಿಸಿದಾಗ ಅದಕ್ಕಿದ್ದ ಚಂದಾದಾರರು 866 ಮಂದಿ. ಕಚೇರಿಯ ಗುಮಾಸ್ತನೊಬ್ಬ ಒಂದು ಸೆಟ್ಟು ಕೊಳ್ಳಬೇಕಾದರೆ ಒಂದೆರಡು ವರ್ಷದ ಸಂಬಳವನ್ನು ಹಾಗೆಯೇ ತೆಗೆದಿಡಬೇಕಿತ್ತು. ಅದೇ ವರ್ಷ ಆಗಸ್ಟ್ 28ರಂದು ನಿಪ್ಪಾನ್ ಟೆಲಿವಿಷನ್ ಎಂಬ ಖಾಸಗಿ ಕೇಂದ್ರ ತೆರೆಯಿತು. ಅದರ ಒಡೆಯ ಮಾತ್ಸುತಾರೋ ಶೋರಿಕಿ. ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದು, ಆಮೇಲೆ 'ಯೋಮಿಯುರಿ' ಪತ್ರಿಕೆಯನ್ನು ಬೆಳೆಸಿದ ಗಟ್ಟಿ ಕುಳ. ಜಾಹೀರಾತು ಕೊಡುವವನಿಗೆ ಬೇಕಾದದ್ದು ಸೆಟ್ಟುಗಳ ಲೆಕ್ಕವಲ್ಲ, ಕಣ್ಣುಗಳ ಲೆಕ್ಕ ಎಂಬುದು ಆತನಿಗೆ ಹೊಳೆಯಿತು. ಟೋಕಿಯೋ ಮತ್ತು ಸುತ್ತಲಿನ 55 ಜಾಗಗಳಲ್ಲಿ, ಸ್ಟೇಷನ್ನುಗಳ ಎದುರು, ಉದ್ಯಾನಗಳಲ್ಲಿ, ಪೇಟೆಯ ಚೌಕಗಳಲ್ಲಿ, 220 ಸೆಟ್ಟುಗಳನ್ನು ಎತ್ತರದ ಗೂಡುಗಳಲ್ಲಿ ಇಡಿಸಿದ. ನೋಡುವವರಿಗೆ ಬಿಟ್ಟಿ. ವ್ಯಾಪಾರದ ಬುದ್ಧಿ ಎಂದರೆ ಇದು.

ಜನ ಬೇಸ್‌ಬಾಲ್ ನೋಡಿದರು, ಬಾಕ್ಸಿಂಗ್ ನೋಡಿದರು. ಆದರೆ ನಿಜವಾದ ನೂಕುನುಗ್ಗಲು ಆದದ್ದು 1954ರ ಫೆಬ್ರವರಿ 19ರಂದು. ಅಂದು ಟೋಕಿಯೋದ ಕುರಾಮಾಯೆ ಕೊಕುಗಿಕಾನ್ ಎಂಬ ಸುಮೋ ಭವನದಲ್ಲಿ ವೃತ್ತಿಪರ ಕುಸ್ತಿ. ಒಂದು ಕಡೆ ಷಾರ್ಪ್ ಸಹೋದರರು, ಬೆನ್ ಮತ್ತು ಮೈಕ್. ಆರೂವರೆ ಅಡಿಯ ಆಸುಪಾಸಿನ ಆಳುಗಳು, ಜೋಡಿ ಕುಸ್ತಿಯ ವಿಶ್ವ ಚಾಂಪಿಯನ್ನರು. ಇನ್ನೊಂದು ಕಡೆ ಜೂಡೋದಲ್ಲಿ ಅಜೇಯನೆನಿಸಿದ್ದ ಮಾಸಾಹಿಕೋ ಕಿಮುರಾ, ಮತ್ತು ಆರಡಿಗೂ ಕಡಿಮೆ ಎತ್ತರದ, ಕಂಬದಂಥ ಕುತ್ತಿಗೆಯ, ಉದ್ದನೆಯ ಕಪ್ಪು ಚಡ್ಡಿ ತೊಟ್ಟ ರಿಕಿಡೋಝಾನ್. ಮೂರು ದಿನ ನಡೆದ ಈ ಪಂದ್ಯಗಳನ್ನು ಎರಡು ಕೇಂದ್ರಗಳೂ ಪ್ರಸಾರ ಮಾಡಿದವು. ಷಿಂಬಾಶಿ ಸ್ಟೇಷನ್ನಿನ ಎದುರಿನ ಬಯಲಿನಲ್ಲಿ ಇಪ್ಪತ್ತು ಸಾವಿರ ಜನ ಸೇರಿದ್ದರೆಂದು ಹೇಳುತ್ತಾರೆ. ಅಷ್ಟು ಜನಕ್ಕೂ ಒಂದು ಸಣ್ಣ ಪೆಟ್ಟಿಗೆ! ಹಿಂದೆ ನಿಂತವನಿಗೆ ಏನು ಕಂಡಿರಬೇಕು? ಮುಂದಿನವರ ತಲೆಗಳು, ಅವುಗಳಾಚೆ ಮಿಣುಕುವ ಒಂದು ಬೆಳಕು, ಅಷ್ಟೆ. ಆದರೂ ಯಾರೂ ಕದಲಲಿಲ್ಲ.

ಯಾಕೆಂದರೆ ಆ ಬೆಳಕಿನಲ್ಲಿ ನಡೆಯುತ್ತಿದ್ದದ್ದು ಬರಿಯ ಕುಸ್ತಿಯಾಗಿರಲಿಲ್ಲ. ಜಪಾನು ಯುದ್ಧದಲ್ಲಿ ಸೋತು ಒಂಬತ್ತು ವರ್ಷವೂ ತುಂಬಿರಲಿಲ್ಲ. ಅಮೆರಿಕದ ಸೈನ್ಯಾಡಳಿತ ಮುಗಿದದ್ದು 1952ರ ಏಪ್ರಿಲ್ 28ಕ್ಕೆ; ಜೀಪುಗಳಲ್ಲಿ ಓಡಾಡುವ ಎತ್ತರದ ಬಿಳಿಯರ ಮುಂದೆ ತಲೆತಗ್ಗಿಸಿದ ನೆನಪು ಇನ್ನೂ ಹಸಿಯಾಗಿತ್ತು. ಈಗ ಪರದೆಯ ಮೇಲೆ ಅಂಥ ಇಬ್ಬರು ಎತ್ತರದ ಬಿಳಿಯರು ಮೋಸದಾಟ ಆಡುತ್ತಾರೆ, ಪಂಚರ ಕಣ್ಣು ತಪ್ಪಿಸಿ ಗುದ್ದುತ್ತಾರೆ. ನಮ್ಮವನು ಸಹಿಸುತ್ತಾನೆ, ಸಹಿಸುತ್ತಾನೆ, ಕೊನೆಗೊಮ್ಮೆ ಕೆರಳಿ ಅಂಗೈಯ ಅಂಚಿನಿಂದ ಎದೆಗೆ, ಕುತ್ತಿಗೆಗೆ ಛಟೀರ್ ಛಟೀರೆಂದು ಹೊಡೆಯುತ್ತಾನೆ. ಬೆಟ್ಟದಂಥ ದೇಹ ಧೊಪ್ಪನೆ ಉರುಳುತ್ತದೆ. ಬಯಲಾಟದಲ್ಲಿ ಭೀಮ ದುಶ್ಶಾಸನನನ್ನು ಕೆಡಹುವಾಗ ನಮ್ಮ ಹಳ್ಳಿಯ ಜನಕ್ಕೆ ಆಗುವ ಸಂತೋಷವೇ ಅದು. ದುಶ್ಶಾಸನ ಸೋಲುತ್ತಾನೆಂದು ಮೊದಲೇ ಗೊತ್ತಿಲ್ಲದವರು ಯಾರು?

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಈ ಕುಸ್ತಿ ಮೈಸೂರಿನ ದಸರಾ ಕುಸ್ತಿಯ ಜಾತಿಯದಲ್ಲ, ನಮ್ಮ ಗರಡಿಯ ಮಟ್ಟಿ ಮಣ್ಣಿನದೂ ಅಲ್ಲ. ಸೋಲು ಗೆಲುವು ಹೆಚ್ಚಿನ ಪಾಲು ಮೊದಲೇ ಮಾತಾಡಿಕೊಂಡದ್ದು. ಪೆಟ್ಟು ಮಾತ್ರ ನಿಜ, ಬೀಳುವ ನೋವೂ ನಿಜ. ಆ ಮಾತುಕತೆ ಮುರಿದರೆ ಏನಾಗುತ್ತದೆಂಬುದೂ ಅದೇ ವರ್ಷ ಡಿಸೆಂಬರ್ 22ರಂದು ಕಾಣಿಸಿತು. ಜೋಡಿಯಾಗಿದ್ದ ಕಿಮುರಾಗೆ ತನ್ನನ್ನು ಸೋಲುವವನ ಪಾತ್ರಕ್ಕೇ ತಳ್ಳಿದರೆಂಬ ಕೊರಗು. ರಿಕಿಡೋಝಾನ್‌ಗೆ ಬಹಿರಂಗ ಸವಾಲು ಹಾಕಿದ. ಪಂದ್ಯ ಸಮಸಮ ಆಗಬೇಕೆಂದು ಒಪ್ಪಂದವಾಗಿತ್ತೆಂದು ಕಿಮುರಾ ಆಮೇಲೆ ಹೇಳಿಕೊಂಡ. ನಡುವೆ ರಿಕಿಡೋಝಾನ್ ಕೆರಳಿ ನಿಜವಾಗಿಯೇ ಹೊಡೆಯತೊಡಗಿದ. ಕಿಮುರಾ ರಕ್ತ ಸುರಿಸುತ್ತ ಚಾಪೆಯ ಮೇಲೆ ಬಿದ್ದ. ಅಂಥ ಜೂಡೋ ವೀರನ ಬಾಳು ಆ ಒಂದು ರಾತ್ರಿಯ ನೆರಳಿನಿಂದ ಹೊರಗೆ ಬರಲೇ ಇಲ್ಲ. ನಮ್ಮ ನಾಯಕ ಸಾಧು ಮನುಷ್ಯನೇನೂ ಅಲ್ಲ ಎಂಬುದನ್ನು ಓದುಗರು ನೆನಪಿಡಬೇಕು. ಕುಡಿತ ಇತ್ತು, ಮುಂಗೋಪ ಇತ್ತು, ಶಿಷ್ಯರ ಮೇಲೆ ಕೈ ಮಾಡುವ ಚಾಳಿಯೂ ಇತ್ತು.

ಇನ್ನು ತಮಾಷೆಯ ಸಂಗತಿ. ಷಾರ್ಪ್ ಸಹೋದರರು ಅಮೆರಿಕದವರಲ್ಲ, ಕೆನಡಾದ ಹ್ಯಾಮಿಲ್ಟನ್ ಊರಿನವರು. ಅವರನ್ನು ಕೆಡವಿ ಜಪಾನಿನ ಮಾನ ಉಳಿಸಿದ ರಿಕಿಡೋಝಾನ್ ಜಪಾನಿನವನೂ ಅಲ್ಲ!

ಅವನ ಹುಟ್ಟು ಹೆಸರು ಕಿಮ್ ಸಿನ್‌ರಾಕ್. ಊರು ಈಗಿನ ಉತ್ತರ ಕೊರಿಯಾದ ಹಾಮ್‌ಗ್ಯೋಂಗ್ ಸೀಮೆ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿತ್ತು. ಊರಿನ ಕುಸ್ತಿಯಲ್ಲಿ ಮಿಂಚಿದ ಹುಡುಗನನ್ನು ಜಪಾನಿನವರ ಕಣ್ಣು ಹಿಡಿಯಿತು. 1940ರಲ್ಲಿ ಟೋಕಿಯೋದ ನಿಶೋನೋಸೆಕಿ ಗರಡಿಗೆ ಸುಮೋ ಕಲಿಯಲು ಬಂದ. ಸುಮೋದವರು ಕೊಟ್ಟ ಹೆಸರೇ ರಿಕಿಡೋಝಾನ್. ಸುಮೋದಲ್ಲಿ ಪ್ರತಿ ಪಂದ್ಯಾವಳಿಗೂ ಜಟ್ಟಿಗಳ ಹೆಸರು, ಹುಟ್ಟೂರು ಬರೆದ ಪಟ್ಟಿ ಹೊರಡುತ್ತದೆ. ಅದರಲ್ಲಿ ಇವನ ಊರು ಮೊದಲು ಕೊರಿಯಾ ಎಂದೇ ಇತ್ತು. ಕೆಲಕಾಲದಲ್ಲೇ ಅದು ನಾಗಸಾಕಿ ಸೀಮೆಯ ಓಮುರಾ ಎಂದಾಯಿತು. ಓಮುರಾ ಇವನನ್ನು ಕರೆತಂದ ಮೊಮೊತಾ ಮನೆತನದ ಊರು.

ಸುಮೋದಲ್ಲಿ ಮೂರನೆಯ ಮೆಟ್ಟಿಲಾದ ಸೆಕಿವಾಕೆಯವರೆಗೆ ಏರಿದ. 1950ರಲ್ಲಿ ಇದ್ದಕ್ಕಿದ್ದಂತೆ ತನ್ನ ಜುಟ್ಟನ್ನು ತಾನೇ ಕತ್ತರಿಸಿಕೊಂಡು ಹೊರಬಿದ್ದ. ಹಣದ ಜಗಳವೆಂದು ಕೆಲವರು, ಪರಕೀಯನೆಂಬ ತಾತ್ಸಾರ ಸಹಿಸಲಾಗಲಿಲ್ಲವೆಂದು ಕೆಲವರು. ಮರುವರ್ಷ ಅವನು ದಾಖಲೆಯಲ್ಲೂ ಮೊಮೊತಾ ಮಿತ್ಸುಹಿರೋ ಆದ. ಇದರ ಬೆಲೆ ತಿಳಿಯಬೇಕಾದರೆ ಒಂದು ಸಂಗತಿ ಗೊತ್ತಿರಬೇಕು: 1952ರಲ್ಲಿ ಶಾಂತಿ ಒಪ್ಪಂದ ಜಾರಿಗೆ ಬಂದಾಗ ಜಪಾನಿನಲ್ಲೇ ಬೇರುಬಿಟ್ಟಿದ್ದ ಸುಮಾರು ಆರು ಲಕ್ಷ ಕೊರಿಯನ್ನರು ಒಂದೇ ದಿನದಲ್ಲಿ ಪರದೇಶಿಗಳಾದರು. ಅವನು ಅಷ್ಟರಲ್ಲಿ ದಡ ಸೇರಿಬಿಟ್ಟಿದ್ದ.

ಹಾಗೆ ಬಂದ ಹೊಸ ಕಸುಬು ಈ ಅಮೆರಿಕನ್ ಕುಸ್ತಿ. ಅವನನ್ನು ಅದಕ್ಕೆ ಎಳೆದವರಲ್ಲಿ ಒಬ್ಬ ಹವಾಯಿಯ ಹೆರಾಲ್ಡ್ ಸಕಾಟಾ. 1948ರ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಬೆಳ್ಳಿ ಗೆದ್ದವನು. 1964ರ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಟೋಪಿ ಎಸೆದು ಕೊಲ್ಲುವ ಖಳನನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕಂಡಿರಬಹುದು, ಅವನೇ ಇವನು. 1951ರ ಅಕ್ಟೋಬರಿನಲ್ಲಿ ಮೊದಲ ಪಂದ್ಯ, 1952ರಲ್ಲಿ ಹವಾಯಿಯಲ್ಲಿ ತಾಲೀಮು, 1953ರಲ್ಲಿ ಟೋಕಿಯೋದಲ್ಲಿ ತನ್ನದೇ ಸಂಘ. ಸರಿಯಾಗಿ ಟೆಲಿವಿಷನ್ ಕಣ್ಣು ತೆರೆಯುವ ಹೊತ್ತಿಗೆ ಅದರ ಮುಂದೆ ನಿಲ್ಲುವ ಆಳು ಸಿದ್ಧನಾಗಿದ್ದ.

ಈ ಕತೆಗೆ ಬೊಂಬಾಯಿಯದೂ ಒಂದು ಎಳೆಯಿದೆ. ವರಳಿಯ ವಲ್ಲಭಭಾಯಿ ಪಟೇಲ್ ಸ್ಟೇಡಿಯಮ್ಮಿನಲ್ಲಿ ದಾರಾ ಸಿಂಗ್ ಕುಸ್ತಿಗಳು ನಡೆಯುತ್ತಿದ್ದ ಕಾಲದಲ್ಲಿ ಎದುರಾಳಿಯೆಂದರೆ ಕಿಂಗ್ ಕಾಂಗ್. ಹಂಗೇರಿ ಮೂಲದ ಆ ಗುಡಾಣ ಹೊಟ್ಟೆಯ ದೈತ್ಯನ ನಿಜನಾಮ ಎಮಿಲ್ ಚಾಯಾ. 1955ರ ನವೆಂಬರಿನಲ್ಲಿ ಅವನೂ ಪಂಜಾಬಿನ ಟೈಗರ್ ಜೋಗಿಂದರ್ ಸಿಂಗನೂ ಟೋಕಿಯೋಕ್ಕೆ ಹೋದರು. ಜೋಡಿ ಕುಸ್ತಿಯ ಏಷ್ಯಾ ಪಟ್ಟ ಆ ಇಬ್ಬರಿಗೆ ದಕ್ಕಿತು. ಒಂಟಿ ಕುಸ್ತಿಯ ಏಷ್ಯಾ ಪಟ್ಟವನ್ನು ರಿಕಿಡೋಝಾನ್ ಕಿಂಗ್ ಕಾಂಗನನ್ನು ಸೋಲಿಸಿ ಪಡೆದ. ಕೊರಿಯದವನು ಹಂಗೇರಿಯವನನ್ನು ಗೆದ್ದು ಜಪಾನಿನ ಹೆಸರಿನಲ್ಲಿ ಏಷ್ಯಾದ ಕಿರೀಟ ಧರಿಸಿದನೆಂದಾಯಿತು!

1957ರ ಅಕ್ಟೋಬರ್ 7ರಂದು ವಿಶ್ವ ಚಾಂಪಿಯನ್ ಲೂ ಥೆಜ್ ಜೊತೆ ಒಂದು ಗಂಟೆಗೂ ಮೀರಿ ಸೆಣಸಿ ಸಮ ಮಾಡಿಕೊಂಡಾಗ, ಸಮೀಕ್ಷೆಯ ಪ್ರಕಾರ ಸೆಟ್ಟಿದ್ದ ಮನೆಗಳಲ್ಲಿ ನೂರಕ್ಕೆ 87ರಲ್ಲಿ ಅದೇ ನಡೆಯುತ್ತಿತ್ತು. ಅಷ್ಟರಲ್ಲಿ ಕುಸ್ತಿ ಬೀದಿಯಿಂದ ಮನೆಯೊಳಕ್ಕೆ ಬರತೊಡಗಿತ್ತು. 1958ರಿಂದ ಶುಕ್ರವಾರ ರಾತ್ರಿ ಎಂಟಕ್ಕೆ ಮಿತ್ಸುಬಿಶಿ ಕಂಪನಿಯ ಪ್ರಾಯೋಜನೆಯಲ್ಲಿ ಒಂದು ವಾರ ಕುಸ್ತಿ, ಮರುವಾರ ಡಿಸ್ನಿಯ ಚಿತ್ರಗಳು. ಪಂದ್ಯಗಳ ನಡುವೆ ಕಂಪನಿಯ ಕಸ ಹೀರುವ ಯಂತ್ರವನ್ನು ಅಖಾಡಕ್ಕೆ ತಂದು ಚಾಪೆ ಗುಡಿಸಿ ತೋರಿಸುತ್ತಿದ್ದರು. ರಕ್ತ ಚೆಲ್ಲಿದ ಜಾಗದಲ್ಲಿ ಗೃಹಿಣಿಯರಿಗೆ ಜಾಹೀರಾತು! 1959ರ ಏಪ್ರಿಲಿನಲ್ಲಿ ಯುವರಾಜನ ಮದುವೆ ನೋಡಲೆಂದು ಜನ ಮುಗಿಬಿದ್ದು ಸೆಟ್ಟು ಕೊಂಡಾಗ ಚಂದಾದಾರರ ಸಂಖ್ಯೆ 20 ಲಕ್ಷ ದಾಟಿತು. ಮನೆಯೊಳಗಿನ ಕುಸ್ತಿಗೆ ಬೇರೆ ಅಪಾಯಗಳೂ ಇದ್ದವು. 1962ರ ಏಪ್ರಿಲಿನಲ್ಲಿ ಫ್ರೆಡ್ ಬ್ಲಾಸಿ ಎಂಬವನು ಎದುರಾಳಿಯ ಹಣೆ ಕಚ್ಚಿ ರಕ್ತ ಹರಿಸಿದ್ದನ್ನು ಕಂಡು ಕೆಲವು ವೃದ್ಧರು ಆಘಾತದಿಂದ ಸತ್ತರೆಂದು ಪತ್ರಿಕೆಗಳು ಬರೆದವು.

ಇಷ್ಟು ಜನ ನೋಡುತ್ತಿದ್ದರಲ್ಲ, ಅವರಲ್ಲಿ ಜಪಾನಿನ ಕೊರಿಯನ್ನರೂ ಇದ್ದರು. ಅವರ ಕೇರಿಗಳಲ್ಲಿ ಇವನು ಯಾರೆಂಬುದು ಗುಟ್ಟೇ ಆಗಿರಲಿಲ್ಲ. ಪತ್ರಕರ್ತರಲ್ಲೂ ಅನೇಕರಿಗೆ ಗೊತ್ತಿತ್ತು, ಬರೆಯುತ್ತಿರಲಿಲ್ಲ. ಅಪ್ಪ ಮಗನ ಕಿವಿಯಲ್ಲಿ 'ಅವನು ನಮ್ಮವನು' ಎಂದು ಪಿಸುಗುಟ್ಟುವುದು, ಮರುದಿನ ಶಾಲೆಯಲ್ಲಿ ಆ ಹುಡುಗ ಜಪಾನೀ ಗೆಳೆಯರ ನಡುವೆ ಬಾಯಿ ಮುಚ್ಚಿಕೊಂಡು ಕೂರುವುದು. ಇದನ್ನು ನಾವು ಬಹಳ ಹೊತ್ತು ಯೋಚಿಸಿದ್ದೇವೆ. ಈ ಮಹಾನಗರದಲ್ಲೂ ಒಂದು ಕಾಲವಿತ್ತು. ಬಸ್ಸಿನಲ್ಲಿ ಹೆಂಡತಿಯೊಡನೆ ಕನ್ನಡದಲ್ಲಿ ಮಾತಾಡುವಾಗ ದನಿ ತಗ್ಗಿಸಿದವರು, ಮನೆ ಬಾಡಿಗೆಗೆ ಕೇಳುವಾಗ ಊರಿನ ಹೆಸರನ್ನು ನುಂಗಿಕೊಂಡವರು ನಮ್ಮ ಹಿರಿಯರಲ್ಲಿ ಇದ್ದಾರೆ. ಹೋಲಿಕೆಯನ್ನು ಹೆಚ್ಚು ಎಳೆಯುವುದು ಸಲ್ಲದು. ನಮ್ಮ ಕಷ್ಟ ಅವರದರ ಮುಂದೆ ಏನೂ ಅಲ್ಲ. ನಾವು ಸ್ವಂತ ದೇಶದಲ್ಲೇ ಇದ್ದೆವು.

ಅವನು ಮುಚ್ಚಿಟ್ಟರೂ ಊರು ಅವನನ್ನು ಬಿಡಲಿಲ್ಲ. 1958ರಲ್ಲಿ ಕಿಮ್ ಇಲ್ ಎಂಬ ಕೊರಿಯನ್ ತರುಣ ಇವನ ಕೀರ್ತಿ ಕೇಳಿ, ಕಾಗದಪತ್ರವಿಲ್ಲದೆ ಕಡಲು ದಾಟಿ ಜಪಾನಿಗೆ ಬಂದು ಸಿಕ್ಕಿಬಿದ್ದ. ರಿಕಿಡೋಝಾನ್ ತನ್ನ ಪ್ರಭಾವ ಬಳಸಿ ಬಿಡಿಸಿಕೊಂಡು ಶಿಷ್ಯನನ್ನಾಗಿ ಮಾಡಿಕೊಂಡ. ಓಕಿ ಕಿಂಟಾರೋ ಎಂಬ ಜಪಾನೀ ಹೆಸರಿಟ್ಟ! ಇದೇ ಕಿಮ್ ಇಲ್ ಮುಂದೆ ದಕ್ಷಿಣ ಕೊರಿಯಾದಲ್ಲಿ ತಲೆಯಿಂದ ಗುಮ್ಮಿ ಜಪಾನಿನ ಜಟ್ಟಿಗಳನ್ನು ಉರುಳಿಸುವ ಟೆಲಿವಿಷನ್ ವೀರನಾದ; ಅಲ್ಲಿನ ಹಳ್ಳಿಗಳಲ್ಲಿ ಸೆಟ್ಟಿದ್ದ ಒಂದೇ ಮನೆಗೆ ಊರೆಲ್ಲ ನೆರೆಯುತ್ತಿತ್ತು. ಇನ್ನೊಬ್ಬ ಶಿಷ್ಯ ಆಂಟೋನಿಯೋ ಇನೋಕಿ. ಬ್ರೆಜಿಲ್‌ಗೆ ವಲಸೆ ಹೋಗಿ ಕಾಫಿ ತೋಟದಲ್ಲಿ ದುಡಿದ ಮನೆಯ ಹುಡುಗ. 1960ರಲ್ಲಿ ಅಲ್ಲಿಂದಲೇ ಕರೆತಂದದ್ದು.

1963ರ ಜನವರಿಯಲ್ಲಿ ರಿಕಿಡೋಝಾನ್ ಸದ್ದಿಲ್ಲದೆ ದಕ್ಷಿಣ ಕೊರಿಯಾಕ್ಕೆ ಹೋದ. ಅಲ್ಲಿ ದೊಡ್ಡ ಸ್ವಾಗತ. ಜಪಾನಿನ ಪತ್ರಿಕೆಗಳಲ್ಲಿ ಹೆಚ್ಚುಕಡಿಮೆ ಮೌನ. ದೇಶ ಇಬ್ಭಾಗವಾದ ಗಡಿಯಾದ ಪನ್‌ಮುನ್‌ಜೋಮ್‌ನಲ್ಲಿ ಕೊರೆಯುವ ಚಳಿಯಲ್ಲಿ ಮೇಲಂಗಿ ಕಿತ್ತೆಸೆದು ಉತ್ತರಕ್ಕೆ ಮುಖ ಮಾಡಿ ಏನೋ ಕೂಗಿದನೆಂಬ ಕತೆಯಿದೆ. ಅಣ್ಣಂದಿರು, ಒಬ್ಬ ಮಗಳು ಆ ಕಡೆ ಉಳಿದಿದ್ದರು. ಅದೇ ವರ್ಷ ಮೇ 24ರಂದು ಮುಸುಕು ತೊಟ್ಟ ಡೆಸ್ಟ್ರಾಯರ್ ಜೊತೆಗಿನ ಪಂದ್ಯವನ್ನು ನೂರಕ್ಕೆ 64 ಮನೆಗಳು ನೋಡಿದವು. ಡಿಸೆಂಬರ್ 8ರ ರಾತ್ರಿ ಟೋಕಿಯೋದ ಒಂದು ನೈಟ್ ಕ್ಲಬ್ಬಿನಲ್ಲಿ ಕ್ಷುಲ್ಲಕ ಜಗಳ, ರೌಡಿಯೊಬ್ಬನ ಚಾಕು ಹೊಟ್ಟೆಗೆ ಇಳಿಯಿತು. ವಾರ ಕಳೆದು, 15ರಂದು, ಆ ಗಾಯದ ನಂಜಿನಿಂದಲೇ ತೀರಿಕೊಂಡ. ಇನ್ನೂ ನಲವತ್ತು ದಾಟಿರಲಿಲ್ಲ. ಅವನಿಲ್ಲದೆಯೂ ಶುಕ್ರವಾರದ ಕುಸ್ತಿ 1972ರವರೆಗೆ ನಡೆಯಿತು.

ಅವನ ಹುಟ್ಟಿನ ಸಂಗತಿ ಜಪಾನಿನ ಸಾಮಾನ್ಯ ಜನರಿಗೆ ತಿಳಿದದ್ದು ಬಹಳ ಕಾಲದ ಮೇಲೆ. ಇನೋಕಿ 1995ರ ಏಪ್ರಿಲಿನಲ್ಲಿ ಗುರುವಿನ ನೆನಪಿಗೆಂದು ಉತ್ತರ ಕೊರಿಯಾದ ಪ್ಯೋಂಗ್ಯಾಂಗಿನಲ್ಲೇ ಎರಡು ದಿನ ಕುಸ್ತಿ ಏರ್ಪಡಿಸಿದ. 2004ರಲ್ಲಿ ದಕ್ಷಿಣ ಕೊರಿಯಾದವರು ಅವನ ಬಾಳನ್ನು ಸಿನಿಮಾ ಮಾಡಿದರು. ಚಿತ್ರದ ಹೆಸರು 'ಯೋಕ್‌ದೋಸಾನ್'. ಅದು ಬೇರೆ ಹೆಸರಲ್ಲ. ಬಲ, ದಾರಿ, ಬೆಟ್ಟ ಎಂಬ ಅರ್ಥದ ಮೂರು ಚೀನೀ ಅಕ್ಷರಗಳನ್ನು ಜಪಾನಿನವರು ರಿಕಿಡೋಝಾನ್ ಎಂದು ಓದುತ್ತಾರೆ, ಕೊರಿಯನ್ನರು ಯೋಕ್‌ದೋಸಾನ್ ಎನ್ನುತ್ತಾರೆ. ಟೋಕಿಯೋದ ಇಕೆಗಾಮಿ ಹೊನ್‌ಮೊಂಜಿ ದೇವಾಲಯದ ಮಸಣದಲ್ಲಿ, ತೋಳು ಕಟ್ಟಿದ ಅವನ ಕಂಚಿನ ಎದೆಮಟ್ಟದ ಮೂರ್ತಿಯ ಹತ್ತಿರ, ಸಮಾಧಿಯ ಕಲ್ಲಿನ ಮೇಲಿರುವುದೂ ಆ ಮೂರು ಅಕ್ಷರಗಳೇ.