ಶಸ್ತ್ರಚಿಕಿತ್ಸೆಯ ನಂತರ ರೋಗಿಯನ್ನು ಬೆಚ್ಚಗಿರಿಸುವುದು: ಸಾರ್ವಜನಿಕರಿಗೆ ಮಾಹಿತಿ

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗಗಳಲ್ಲಿ ಬೇಸಿಗೆಯ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಇಂತಹ ಬಿಸಿಲಿನಲ್ಲಿ ವಿದ್ಯಾಗಿರಿಯಿಂದ ನವನಗರದ ಆಸ್ಪತ್ರೆಗೆ ಬಂದ ಸಂಬಂಧಿಕರು, ಶಸ್ತ್ರಚಿಕಿತ್ಸೆಯಾದ ರೋಗಿಯು ಹಲ್ಲು ಕಟಕಟಿಸುತ್ತ ನಡುಗುವುದನ್ನು ಕಂಡು ಚಳಿಜ್ವರವೆಂದು ಗಾಬರಿಗೊಳ್ಳುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದ ಕೂಡಲೇ ಕಾಣುವ ಈ ನಡುಕವು ಸಾಮಾನ್ಯವಾಗಿ ಜ್ವರದ್ದಲ್ಲ, ಅರಿವಳಿಕೆಯ ಪರಿಣಾಮವಾಗಿದೆ.

ಅರಿವಳಿಕೆಯಿಂದ ಚರ್ಮದ ರಕ್ತನಾಳಗಳು ಹಿಗ್ಗಿ, ದೇಹದ ಒಳಗಿನ ಶಾಖವು ಕೈಕಾಲುಗಳ ಕಡೆಗೆ ಹರಿಯುತ್ತದೆ. ಮೊದಲ ಒಂದು ಗಂಟೆಯಲ್ಲಿಯೇ ಒಳತಾಪಮಾನವು 1ರಿಂದ 1.5 ಡಿಗ್ರಿಯಷ್ಟು ಇಳಿಯಬಹುದು. 36 ಡಿಗ್ರಿಗಿಂತ ಕಡಿಮೆಯಾದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ನಿಧಾನವಾಗುತ್ತದೆ, ಗಾಯಕ್ಕೆ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. 1996ರಲ್ಲಿ ಪ್ರಕಟವಾದ, ದೊಡ್ಡಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳ ಅಧ್ಯಯನದಲ್ಲಿ, ಬೆಚ್ಚಗಿರಿಸಿದವರ ಪೈಕಿ ಶೇ. 6 ಹಾಗೂ ತಣ್ಣಗಾದವರ ಪೈಕಿ ಶೇ. 19 ಮಂದಿಗೆ ಗಾಯದ ಸೋಂಕು ಕಂಡುಬಂದಿತ್ತು. ನಡುಕದಿಂದ ಆಮ್ಲಜನಕದ ಅಗತ್ಯವೂ ಏರುವುದರಿಂದ ಹೃದ್ರೋಗಿಗಳು ಮತ್ತು ವೃದ್ಧರಿಗೆ ಇದು ಅಪಾಯಕಾರಿ.

ಆಸ್ಪತ್ರೆಗಳಲ್ಲಿ ಬಿಸಿಗಾಳಿ ತುಂಬುವ ಹೊದಿಕೆಗಳನ್ನು ಮತ್ತು ಬೆಚ್ಚಗಾಗಿಸಿದ ಡ್ರಿಪ್ ದ್ರಾವಣವನ್ನು ಬಳಸಲಾಗುತ್ತದೆ. ವಾರ್ಡಿಗೆ ಬಂದ ನಂತರ ಸಂಬಂಧಿಕರ ಪಾತ್ರವೂ ಇದೆ. ಒದ್ದೆಯಾದ ಬಟ್ಟೆಯನ್ನು ತಕ್ಷಣ ಬದಲಾಯಿಸತಕ್ಕದ್ದು. ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ನೋಡಿಕೊಳ್ಳತಕ್ಕದ್ದು. ತಲೆ ಮತ್ತು ಪಾದಗಳನ್ನು ಮುಚ್ಚಬೇಕು, ಆದರೆ ಮುಖವು ಕಾಣುವಂತಿರಬೇಕು. ಹೊದಿಸಲು ನಮ್ಮ ಭಾಗದ ಕೌದಿಯೇ ಉತ್ತಮ; ಹಳೆಯ ಸೀರೆಗಳ ಮೆತ್ತನೆಯ ಪದರಗಳು ಶಾಖವನ್ನು ಹಿಡಿದಿಡುತ್ತವೆ, ಒಗೆಯಲೂ ಬರುತ್ತದೆ. ಅದು ಒಗೆದು ಒಣಗಿಸಿದ್ದಾಗಿರಬೇಕು. ಕಂಬಳಿ ತಂದಿದ್ದಲ್ಲಿ ಅದರ ಎಳೆಗಳು ಗಾಯಕ್ಕೆ ತಾಗದಂತೆ ಕೆಳಗೆ ಹತ್ತಿಯ ಬಟ್ಟೆ ಹಾಸಬೇಕು.

ಬಿಸಿನೀರಿನ ಬಾಟಲಿ, ಕಾಯಿಸಿದ ಇಟ್ಟಿಗೆ ಅಥವಾ ಕೆಂಡದ ಬಟ್ಟಲನ್ನು ರೋಗಿಯ ಬಳಿ ಇಡಲೇಬಾರದು. ಹೆರಿಗೆಯ ಸಿಸೇರಿಯನ್ ಮುಂತಾದವುಗಳಲ್ಲಿ ಬೆನ್ನಿಗೆ ಚುಚ್ಚುಮದ್ದು ನೀಡಿದಾಗ ಸೊಂಟದ ಕೆಳಗೆ ಕೆಲವು ಗಂಟೆಗಳ ಕಾಲ ಸ್ಪರ್ಶಜ್ಞಾನವಿರುವುದಿಲ್ಲ. ಕಾಲು ಸುಡುತ್ತಿದ್ದರೂ ಬಾಣಂತಿಗೆ ತಿಳಿಯುವುದಿಲ್ಲ. ಪ್ರೀತಿಯಿಂದ ಇಟ್ಟ ಬಾಟಲಿಯೇ ಬೊಬ್ಬೆಗೆ ಕಾರಣವಾಗುತ್ತದೆ. ಬಿಸಿ ಚಹಾ ಕುಡಿಸುವ ಮುನ್ನ ವೈದ್ಯರ ಅನುಮತಿ ಪಡೆಯತಕ್ಕದ್ದು.

ಹೊದಿಸಿದ ನಂತರವೂ ನಡುಕ ನಿಲ್ಲದಿದ್ದಲ್ಲಿ, ತುಟಿ ನೀಲಿಗಟ್ಟಿದಲ್ಲಿ, ಉಸಿರಾಟ ಕಷ್ಟವಾದಲ್ಲಿ ಅಥವಾ ಕರೆದರೂ ರೋಗಿ ಓಗೊಡದಿದ್ದಲ್ಲಿ ಕೂಡಲೇ ಶುಶ್ರೂಷಕಿಯರಿಗೆ ತಿಳಿಸಬೇಕು. ನಡುಕ ನಿಂತು ಮೈ ಬೆವರತೊಡಗಿದರೆ ಹೆಚ್ಚಿನ ಹೊದಿಕೆಯನ್ನು ತೆಗೆಯಬಹುದು.