ಜರ್ಮನಿಯಲ್ಲಿ ಪ್ರಜಾಪ್ರಭುತ್ವ ಅಳಿದ ಬಗೆ



ರಾಜ್ಯವೊಂದು ಸರ್ವಾಧಿಕಾರಿಯ ವಶವಾಯಿತೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ. ನಡುರಾತ್ರಿಯಲ್ಲಿ ಸೈನ್ಯವು ಬೀದಿಗಿಳಿಯುತ್ತದೆ, ಅರಮನೆಗೆ ಮುತ್ತಿಗೆ ಹಾಕುತ್ತದೆ, ಸಂವಿಧಾನವನ್ನು ಹರಿದೆಸೆಯುತ್ತದೆ. ಇಂಥ ದೃಷ್ಟಾಂತಗಳು ಚರಿತ್ರೆಯಲ್ಲಿ ಇಲ್ಲವೆಂದಲ್ಲ. ಆದರೆ ಇಪ್ಪತ್ತನೆಯ ಶತಮಾನದ ಅತಿ ಘೋರವಾದ ಸರ್ವಾಧಿಕಾರಗಳಲ್ಲೊಂದು ಈ ದಾರಿಯಿಂದ ಬರಲಿಲ್ಲ. ಅದು ಹಾಡುಹಗಲಿನಲ್ಲಿ, ಶಾಸನದ ವಿಧಿಗಳನ್ನು ಕೈಯಲ್ಲಿ ಹಿಡಿದುಕೊಂಡು, ಮತಗಣನೆಯ ಮೂಲಕ, ರಾಷ್ಟ್ರಾಧ್ಯಕ್ಷರ ಅಂಕಿತದೊಡನೆ ಬಂದಿತು. ಜರ್ಮನಿಯ ಆ ಕಥೆಯನ್ನು ಕ್ರಮವಾಗಿ ಪರಿಶೀಲಿಸುವುದು ಪ್ರಜಾಪ್ರಭುತ್ವದಲ್ಲಿ ಬಾಳುವ ಪ್ರತಿಯೊಬ್ಬರಿಗೂ ಅವಶ್ಯಕವಾಗಿದೆ.

ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯು 1918ರ ನವೆಂಬರಿನಲ್ಲಿ ತನ್ನ ಚಕ್ರವರ್ತಿಯನ್ನು ಕಳೆದುಕೊಂಡು ಗಣರಾಜ್ಯವಾಯಿತು. ವೈಮಾರ್ ನಗರದಲ್ಲಿ ಸೇರಿದ ಸಭೆಯು ರಚಿಸಿದ ಸಂವಿಧಾನಕ್ಕೆ 1919ರ ಆಗಸ್ಟ್ 11ರಂದು ಅಂಕಿತ ಬಿದ್ದಿತು. ಅಂದಿನ ಜಗತ್ತಿನಲ್ಲಿ ಅದಕ್ಕಿಂತ ಉದಾರವಾದ ಸಂವಿಧಾನಗಳು ವಿರಳ. ಇಪ್ಪತ್ತು ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ ಮತದಾನದ ಹಕ್ಕಿತ್ತು. ವಾಕ್‌ಸ್ವಾತಂತ್ರ್ಯ, ಸಭಾಸ್ವಾತಂತ್ರ್ಯ, ಗೃಹದ ಪಾವಿತ್ರ್ಯ ಎಲ್ಲವೂ ಲಿಖಿತವಾಗಿದ್ದವು. ಆದರೆ ಅದೇ ಗ್ರಂಥದ 48ನೆಯ ವಿಧಿಯು, ಸಾರ್ವಜನಿಕ ಶಾಂತಿಗೆ ಗಂಡಾಂತರ ಒದಗಿದಾಗ ರಾಷ್ಟ್ರಾಧ್ಯಕ್ಷನು ಸೈನ್ಯವನ್ನು ಬಳಸಬಹುದೆಂದೂ ಈ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿ ಇಡಬಹುದೆಂದೂ ಹೇಳುತ್ತಿತ್ತು. ರೈಷ್‌ಸ್ಟಾಗ್ ಎಂಬ ಸಂಸತ್ತು ಬೇಡವೆಂದರೆ ಅಂಥ ಆಜ್ಞೆಯನ್ನು ಹಿಂತೆಗೆದುಕೊಳ್ಳಲೇಬೇಕಾಗಿತ್ತು. ಆದರೆ 25ನೆಯ ವಿಧಿಯ ಪ್ರಕಾರ ಆ ಸಂಸತ್ತನ್ನೇ ವಿಸರ್ಜಿಸುವ ಅಧಿಕಾರ ರಾಷ್ಟ್ರಾಧ್ಯಕ್ಷನಿಗಿತ್ತು. ಎರಡು ವಿಧಿಗಳು ಕೂಡಿದಾಗ ಏನಾಗಬಹುದೆಂಬುದನ್ನು ರಚಿಸಿದವರು ಪೂರ್ತಿಯಾಗಿ ಊಹಿಸಿದಂತೆ ಕಾಣುವುದಿಲ್ಲ.

ಅಡಾಲ್ಫ್ ಹಿಟ್ಲರ್ ಮೊದಲು ಪ್ರಯತ್ನಿಸಿದುದು ಬಲಾತ್ಕಾರದ ಮಾರ್ಗವನ್ನೇ. 1923ರ ನವೆಂಬರಿನಲ್ಲಿ, ಒಂದು ಡಾಲರಿಗೆ ನಾಲ್ಕು ಲಕ್ಷ ಕೋಟಿಗೂ ಮಿಕ್ಕ ಮಾರ್ಕುಗಳನ್ನು ತೆರಬೇಕಾದಷ್ಟು ಹಣವು ಬೆಲೆಗೆಟ್ಟಿದ್ದ ಆ ತಿಂಗಳಲ್ಲಿ, ಆತ ಮ್ಯೂನಿಕ್ ನಗರದಲ್ಲಿ ದಂಗೆಯೆದ್ದು ಸೋತನು. ನ್ಯಾಯಾಲಯವು ವಿಧಿಸಿದ್ದು ಐದು ವರ್ಷಗಳ ಸೆರೆ. ಅನುಭವಿಸಿದ್ದು ಒಂದು ವರ್ಷಕ್ಕೂ ಕಡಮೆ. ಆ ಸೋಲಿನಿಂದ ಆತ ಕಲಿತ ಪಾಠವೆಂದರೆ, ಕೋಟೆಯ ಗೋಡೆಯನ್ನು ಒಡೆಯುವುದಕ್ಕಿಂತ ಹೆಬ್ಬಾಗಿಲಿನಿಂದ ಪ್ರವೇಶಿಸುವುದು ಸುಲಭವೆಂಬುದು. ಇದನ್ನು ಆತ ಮರೆಮಾಚಲೂ ಇಲ್ಲ. 1930ರ ಸೆಪ್ಟೆಂಬರಿನಲ್ಲಿ ಲೈಪ್‌ಜಿಗ್ ನಗರದ ಉಚ್ಚ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತು, ತನ್ನ ಪಕ್ಷವು ಸಂವಿಧಾನಬದ್ಧ ಮಾರ್ಗದಿಂದಲೇ ಅಧಿಕಾರಕ್ಕೆ ಬರುವುದೆಂದೂ, ಬಂದ ಮೇಲೆ ರಾಜ್ಯವನ್ನು ತನಗೆ ಬೇಕಾದ ಅಚ್ಚಿನಲ್ಲಿ ಎರಕಹೊಯ್ಯುವುದೆಂದೂ ಪ್ರಮಾಣಪೂರ್ವಕವಾಗಿ ಹೇಳಿದನು. ಜನರು ಮೊದಲನೆಯ ಮಾತನ್ನು ಕೇಳಿ ಸಮಾಧಾನಪಟ್ಟರು, ಎರಡನೆಯದನ್ನು ಲಕ್ಷಿಸಲಿಲ್ಲ.

1928ರ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ದೊರೆತುದು ನೂರಕ್ಕೆ 2.6ರಷ್ಟು ಮತ, 12 ಸ್ಥಾನ. 1929ರಲ್ಲಿ ಜಾಗತಿಕ ಆರ್ಥಿಕ ಕುಸಿತವು ಪ್ರಾರಂಭವಾಯಿತು. 1932ರ ಆದಿಯಲ್ಲಿ ಜರ್ಮನಿಯ ನಿರುದ್ಯೋಗಿಗಳ ಸಂಖ್ಯೆ ಸುಮಾರು 60 ಲಕ್ಷಕ್ಕೆ ಏರಿತು. ಅದೇ ವರ್ಷದ ಜುಲೈ ಚುನಾವಣೆಯಲ್ಲಿ ಪಕ್ಷವು ನೂರಕ್ಕೆ 37ರಷ್ಟು ಮತಗಳನ್ನೂ 230 ಸ್ಥಾನಗಳನ್ನೂ ಗಳಿಸಿತು. ಹಸಿವೇ ಸರ್ವಾಧಿಕಾರಕ್ಕೆ ಕಾರಣವೆಂದು ಹಲವರು ಇದರಿಂದ ತೀರ್ಮಾನಿಸುತ್ತಾರೆ. ಅದು ಅರ್ಧ ಸತ್ಯ ಮಾತ್ರ. ಅದೇ ಕುಸಿತವು ಅಮೆರಿಕವನ್ನೂ ಇಂಗ್ಲೆಂಡನ್ನೂ ಹಣ್ಣುಮಾಡಿತು. ಅಲ್ಲಿ ಸರ್ಕಾರಗಳು ಬದಲಾದವೇ ಹೊರತು ಪ್ರಜಾಪ್ರಭುತ್ವವು ಅಳಿಯಲಿಲ್ಲ. ಮತ್ತೂ ಒಂದು ಸಂಗತಿ ಇಲ್ಲಿ ಗಮನಾರ್ಹ. 1932ರ ನವೆಂಬರಿನಲ್ಲಿ ಮರುಚುನಾವಣೆ ನಡೆದಾಗ ಹಿಟ್ಲರನ ಪಕ್ಷವು ಸುಮಾರು 20 ಲಕ್ಷ ಮತಗಳನ್ನು ಕಳೆದುಕೊಂಡು 196 ಸ್ಥಾನಕ್ಕೆ ಇಳಿಯಿತು. ಜನರ ಒಲವು ಇಳಿಮುಖವಾಗಿದ್ದಾಗಲೇ ಆತನ ಕೈಗೆ ಅಧಿಕಾರ ಬಂದಿತು. ಹಾಗಾದರೆ ಕೊಟ್ಟವರು ಯಾರು?

ಇದನ್ನು ಅರಿಯಲು ಹಿಟ್ಲರನಿಗಿಂತ ಹಿಂದಿನವರನ್ನು ನೋಡಬೇಕು. 1930ರ ಮಾರ್ಚಿನಲ್ಲಿ ಚಾನ್ಸಲರ್ ಆದ ಬ್ರ್ಯೂನಿಂಗ್ ಸಜ್ಜನ, ಮಿತವ್ಯಯಿ, ದೈವಭಕ್ತ. ಆತನ ಆಯವ್ಯಯದ ಮಸೂದೆಯನ್ನು ಸಂಸತ್ತು ಆ ಜುಲೈ ತಿಂಗಳಲ್ಲಿ ತಿರಸ್ಕರಿಸಿತು. ಅದನ್ನೇ ಆತ 48ನೆಯ ವಿಧಿಯ ಮೇರೆಗೆ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗರ ಸುಗ್ರೀವಾಜ್ಞೆಯಾಗಿ ಹೊರಡಿಸಿದನು. ಅದು ಬೇಡವೆಂದು ಸಂಸತ್ತು ನಿರ್ಣಯಿಸಿದಾಗ ಸಂಸತ್ತೇ ವಿಸರ್ಜಿತವಾಯಿತು. ಶಾಂತಿಭಂಗದ ಕಾಲಕ್ಕೆಂದು ಇಟ್ಟಿದ್ದ ಮದ್ದು ಅಂದಿನಿಂದ ದಿನನಿತ್ಯದ ಆಹಾರವಾಯಿತು. 1931ರಲ್ಲಿ ಸಂಸತ್ತು ಮಾಡಿದ ಶಾಸನಗಳು 34, ಸುಗ್ರೀವಾಜ್ಞೆಗಳು 44. 1932ರಲ್ಲಿ ಸಂಸತ್ತಿನ ಶಾಸನಗಳು ಕೇವಲ 5. ಹಿಟ್ಲರ್ ಬರುವುದಕ್ಕೆ ಮೊದಲೇ ಜರ್ಮನರು ಸಂಸತ್ತಿಲ್ಲದ ಆಡಳಿತಕ್ಕೆ ಒಗ್ಗಿಹೋಗಿದ್ದರು.

ಬ್ರ್ಯೂನಿಂಗನ ಅನಂತರ ಬಂದ ಪಾಪೆನ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ಜರ್ಮನಿಯ ನೆಲದಲ್ಲೂ ಜನಸಂಖ್ಯೆಯಲ್ಲೂ ಸುಮಾರು ಐದನೆಯ ಮೂರಂಶವಾಗಿದ್ದ ಪ್ರಷ್ಯಾ ಪ್ರಾಂತದ ಸರ್ಕಾರ ಅವನ ವಿರೋಧಿಗಳಾದ ಸೋಷಿಯಲ್ ಡೆಮೊಕ್ರಾಟರ ನೇತೃತ್ವದಲ್ಲಿತ್ತು. 1932ರ ಜುಲೈ 20ರಂದು ಅದೇ 48ನೆಯ ವಿಧಿಯನ್ನು ಹಿಡಿದು ಆ ಸರ್ಕಾರವನ್ನು ಕಿತ್ತೊಗೆದು, ಅಲ್ಲಿನ ಪೊಲೀಸ್ ಪಡೆಯನ್ನು ಕೇಂದ್ರದ ಕೈಗೆ ತಂದುಕೊಂಡನು. ಮುಂದೆ ಪಾಪೆನನೇ ಮುದಿ ಹಿಂಡೆನ್‌ಬರ್ಗರ ಮನವೊಲಿಸಿ 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸಲರ್ ಪೀಠದಲ್ಲಿ ಕೂಡಿಸಿ, ತಾನು ಉಪ ಚಾನ್ಸಲರ್ ಆದನು. ಮಂತ್ರಿಮಂಡಲದಲ್ಲಿ ನಾಜಿಗಳು ಮೂವರೇ, ಉಳಿದವರೆಲ್ಲ ತಮ್ಮವರು, ಈತನನ್ನು ಬೇಕಾದಂತೆ ಬಳಸಿಕೊಳ್ಳಬಹುದೆಂಬುದು ಪಾಪೆನನ ಎಣಿಕೆ. ಆದರೆ ಆ ಮೂವರಲ್ಲೊಬ್ಬನಾದ ಗೋರಿಂಗನಿಗೆ ದೊರೆತುದು ಪ್ರಷ್ಯಾದ ಗೃಹಖಾತೆ. ಪಾಪೆನ್ ತನಗಾಗಿ ಕಿತ್ತುಕೊಂಡಿದ್ದ ಪೊಲೀಸ್ ಪಡೆಯೇ ಗೋರಿಂಗನ ಆಯುಧವಾಯಿತು. ತನಗೆ ಅನುಕೂಲವೆಂದು ಕಾನೂನಿನ ಬೇಲಿಯಲ್ಲಿ ಕಂಡಿ ಮಾಡಿದವನು, ಆ ಕಂಡಿಯಿಂದ ಮುಂದೆ ಯಾರು ನುಗ್ಗುವರೆಂದು ಯೋಚಿಸಲಿಲ್ಲ.

ಅನಂತರದ ಘಟನೆಗಳು ವಾರಗಳ ಲೆಕ್ಕದಲ್ಲಿ ನಡೆದುವು. ಫೆಬ್ರವರಿ 27ರ ರಾತ್ರಿ ಸಂಸತ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದಿತು. ಫಾನ್ ಡರ್ ಲುಬ್ಬೆ ಎಂಬ ಹಾಲೆಂಡಿನ ಯುವಕನು ಸ್ಥಳದಲ್ಲೇ ಸಿಕ್ಕಿಬಿದ್ದನು. ಮರುದಿನವೇ ಹಿಂಡೆನ್‌ಬರ್ಗರು 48ನೆಯ ವಿಧಿಯ ಮೇರೆಗೆ ಆಜ್ಞೆ ಹೊರಡಿಸಿ, ವೈಯಕ್ತಿಕ ಸ್ವಾತಂತ್ರ್ಯ, ಪತ್ರಿಕಾಸ್ವಾತಂತ್ರ್ಯ, ಸಭಾಸ್ವಾತಂತ್ರ್ಯ, ಅಂಚೆಯ ಗೋಪ್ಯತೆ ಮೊದಲಾದವನ್ನು ಅಮಾನತಿನಲ್ಲಿಟ್ಟರು. ಅದಕ್ಕೆ ಕಾಲಮಿತಿಯನ್ನು ಬರೆದಿರಲಿಲ್ಲ. ಆ ‘ತಾತ್ಕಾಲಿಕ’ ಆಜ್ಞೆ 1945ರವರೆಗೆ ಜಾರಿಯಲ್ಲಿದ್ದಿತು. ಮಾರ್ಚ್ 5ರ ಚುನಾವಣೆಯಲ್ಲಿ, ವಿರೋಧಿಗಳು ಸೆರೆಮನೆಯಲ್ಲೂ ಬೀದಿಯಲ್ಲಿ ನಾಜಿ ಪಡೆಗಳೂ ಇದ್ದಾಗ್ಯೂ, ಹಿಟ್ಲರನ ಪಕ್ಷಕ್ಕೆ ಬಿದ್ದುದು ನೂರಕ್ಕೆ 43.9ರಷ್ಟು ಮತ. ಭಯದ ನೆರಳಿನಲ್ಲೂ ಜರ್ಮನ್ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಪಕ್ಷವನ್ನು ಒಪ್ಪಲಿಲ್ಲವೆಂಬುದು ನೆನಪಿಡತಕ್ಕ ಮಾತು.

ಈಗ ಬೇಕಾಗಿದ್ದುದು ಸಂಸತ್ತಿನ ಒಪ್ಪಿಗೆಯಿಲ್ಲದೆಯೇ ಮಂತ್ರಿಮಂಡಲವು ಶಾಸನ ಮಾಡಬಹುದೆಂಬ ಅಧಿಕಾರ. ಅದಕ್ಕೆ ಮೂರನೆಯ ಎರಡಂಶದ ಬಹುಮತ ಬೇಕು. 647 ಸ್ಥಾನಗಳಲ್ಲಿ ಮಿತ್ರಪಕ್ಷವನ್ನು ಸೇರಿಸಿಕೊಂಡರೂ ಸರ್ಕಾರಕ್ಕೆ ಇದ್ದುದು 340. ಚುನಾಯಿತರಾಗಿದ್ದ 81 ಮಂದಿ ಕಮ್ಯೂನಿಸ್ಟರನ್ನು ಸಭೆಗೇ ಬರಗೊಡಲಿಲ್ಲ. ಅಷ್ಟಾದರೂ ಕೇಂದ್ರ ಪಕ್ಷವೆಂಬ ಕ್ಯಾಥೊಲಿಕರ ಪಕ್ಷದ ಬೆಂಬಲವಿಲ್ಲದೆ ಸರ್ಕಾರಕ್ಕೆ ಧೈರ್ಯವಿರಲಿಲ್ಲ.

ವಾಚಕರೇ, ಧರ್ಮಸಂಸ್ಥೆಗಳೊಡನೆ ಸಂಬಂಧವುಳ್ಳ ನಾವೆಲ್ಲರೂ ಇಲ್ಲಿ ಕ್ಷಣಕಾಲ ನಿಲ್ಲಬೇಕು. 1870ರಲ್ಲಿ ಹುಟ್ಟಿದ ಆ ಪಕ್ಷವು ಬಿಸ್ಮಾರ್ಕನ ದಬ್ಬಾಳಿಕೆಯನ್ನೇ ಎದುರಿಸಿ ನಿಂತುದು. 1933ರಲ್ಲಿ ಅದರ ಅಧ್ಯಕ್ಷನಾಗಿದ್ದವನು ಲುಡ್ವಿಗ್ ಕಾಸ್ ಎಂಬ ಪಾದ್ರಿ, ಧರ್ಮಶಾಸ್ತ್ರದಲ್ಲಿ ಪಾರಂಗತ. ಚರ್ಚಿನ ಹಕ್ಕುಗಳು, ಮತೀಯ ಶಾಲೆಗಳು, ನ್ಯಾಯಾಧೀಶರ ಸ್ವಾತಂತ್ರ್ಯ ಇವುಗಳಿಗೆ ಧಕ್ಕೆ ಬಾರದೆಂಬ ಭರವಸೆಯನ್ನು ಆತ ಕೇಳಿದನು. ಹಿಟ್ಲರ್ ಬಾಯಿಮಾತಿನಲ್ಲಿ ಕೊಟ್ಟನು, ಬರೆದುಕೊಡುವೆನೆಂದನು. ಆ ಪತ್ರ ಬರಲೇ ಇಲ್ಲ. ಮಾರ್ಚ್ 23ರಂದು ಕ್ರೋಲ್ ನಾಟ್ಯಗೃಹದಲ್ಲಿ, ಹೊರಗೂ ಒಳಗೂ ನಾಜಿ ಪಡೆಗಳು ನಿಂತಿರಲು, ಮತಗಣನೆ ನಡೆಯಿತು. ಪಕ್ಷದ ಒಳಸಭೆಯಲ್ಲಿ ಬ್ರ್ಯೂನಿಂಗ್ ಮೊದಲಾದವರು ವಿರೋಧಿಸಿದ್ದರೂ ಕೊನೆಗೆ ಎಲ್ಲರೂ ಕೈಯೆತ್ತಿದರು. ಪರವಾಗಿ 444, ವಿರೋಧವಾಗಿ 94. ಆ 94 ಮಂದಿಯೂ ಸೋಷಿಯಲ್ ಡೆಮೊಕ್ರಾಟರು. ಅವರ ನಾಯಕ ಓಟ್ಟೊ ವೆಲ್ಸ್ ಒಬ್ಬನೇ ಆ ಸಭೆಯಲ್ಲಿ ಎದ್ದುನಿಂತು, ನಮ್ಮ ಸ್ವಾತಂತ್ರ್ಯವನ್ನೂ ಪ್ರಾಣವನ್ನೂ ಕಸಿದುಕೊಳ್ಳಬಹುದು, ಮಾನವನ್ನು ಕಸಿಯಲಾಗದೆಂಬ ಅರ್ಥದ ಮಾತನಾಡಿದನು.

ಕಾಸ್ ಉಳಿಸಿಕೊಂಡುದೇನು? ಜುಲೈ 5ರಂದು ಕೇಂದ್ರ ಪಕ್ಷವು ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಜುಲೈ 14ರ ಶಾಸನವು ನಾಜಿ ಪಕ್ಷವೊಂದನ್ನುಳಿದು ಬೇರೆ ಪಕ್ಷವೇ ಇರಕೂಡದೆಂದಿತು. ಜುಲೈ 20ರಂದು ಪೋಪರೊಡನೆ ಒಪ್ಪಂದವೇನೋ ಆಯಿತು. ಆದರೆ ಕೆಲವೇ ವರ್ಷಗಳಲ್ಲಿ ಮತೀಯ ಶಾಲೆಗಳೂ ಯುವಕಸಂಘಗಳೂ ಮುಚ್ಚಲ್ಪಟ್ಟವು. ಆ ಮತಗಣನೆಯ ಹಿಂದಿನ ದಿನವಷ್ಟೇ ತೆರೆದಿದ್ದ ಡಖಾವ್ ಬಂಧನಶಿಬಿರದಲ್ಲಿ ಮುಂದೆ 2,700ಕ್ಕೂ ಹೆಚ್ಚು ಮಂದಿ ಧರ್ಮೋಪದೇಶಕರು ಸೆರೆಯಾದರು. ಅವರಲ್ಲಿ ಬಹುಪಾಲು ಕ್ಯಾಥೊಲಿಕರು. ತನ್ನ ಗುಡಿಯನ್ನು ಉಳಿಸಿಕೊಳ್ಳಲೆಂದು ಊರಬಾಗಿಲಿನ ಕೀಲಿಕೈಯನ್ನು ಒಪ್ಪಿಸಿದವನಿಗೆ ಗುಡಿಯೂ ದಕ್ಕುವುದಿಲ್ಲ.

ಮಿಕ್ಕುದು ಸಂಕ್ಷೇಪವಾಗಿ ಹೇಳತಕ್ಕದ್ದು. 1934ರ ಜೂನ್ 30ರಿಂದ ಮೂರು ದಿನಗಳ ಕಾಲ ಹಿಟ್ಲರ್ ತನಗೆ ಬೇಡವಾದವರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದನು. ಜುಲೈ 3ರಂದು ಒಂದೇ ವಾಕ್ಯದ ಶಾಸನವು ಆ ಕೊಲೆಗಳನ್ನು ಕಾನೂನುಬದ್ಧವೆಂದು ಘೋಷಿಸಿತು. ಆಗಸ್ಟ್ 2ರಂದು ಹಿಂಡೆನ್‌ಬರ್ಗರು ತೀರಿಕೊಂಡರು. ರಾಷ್ಟ್ರಾಧ್ಯಕ್ಷನ ಪದವಿಯೂ ಚಾನ್ಸಲರನ ಪದವಿಯೂ ಒಬ್ಬನಲ್ಲೇ ಸೇರಿದುವು. ಸೈನಿಕರು ಅದುವರೆಗೆ ಸಂವಿಧಾನದ ಹೆಸರಿನಲ್ಲಿ, ದೇಶದ ಹೆಸರಿನಲ್ಲಿ ಪ್ರತಿಜ್ಞೆ ಮಾಡುತ್ತಿದ್ದರು. ಅಂದು ಹಿಟ್ಲರನೆಂಬ ವ್ಯಕ್ತಿಯ ಹೆಸರಿನಲ್ಲಿ ಮಾಡಿದರು. ಸೋಜಿಗದ ಸಂಗತಿಯೆಂದರೆ, ವೈಮಾರ್ ಸಂವಿಧಾನವನ್ನು ಯಾರೂ ವಿಧಿವತ್ತಾಗಿ ರದ್ದುಮಾಡಲೇ ಇಲ್ಲ. ಪ್ರಾಣ ಹೋದ ದೇಹದಂತೆ ಅದು ಕೊನೆಯವರೆಗೂ ಅಲ್ಲಿಯೇ ಬಿದ್ದಿತ್ತು.

ಈ ಕಥೆಯು ನಮ್ಮ ಸಂವಿಧಾನ ರಚಿಸಿದವರ ಕಣ್ಣೆದುರಿಗೇ ಇತ್ತು. ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು 1949ರ ಆಗಸ್ಟಿನಲ್ಲಿ ಸಂವಿಧಾನ ಸಭೆಯಲ್ಲಿ ತುರ್ತುಪರಿಸ್ಥಿತಿಯ ವಿಧಿಗಳನ್ನು ವಿರೋಧಿಸುತ್ತ, ವೈಮಾರ್ ಸಂವಿಧಾನಕ್ಕೆ ಒದಗಿದ ಗತಿಯನ್ನೇ ಎತ್ತಿ ತೋರಿಸಿದರು. ಅದೇ ವರ್ಷದ ನವೆಂಬರ್ 25ರಂದು ಡಾ. ಅಂಬೇಡ್ಕರರು, ಧರ್ಮದಲ್ಲಿ ಭಕ್ತಿಯು ಆತ್ಮೋದ್ಧಾರದ ದಾರಿಯಾಗಬಹುದಾದರೂ ರಾಜಕಾರಣದಲ್ಲಿ ವ್ಯಕ್ತಿಭಕ್ತಿಯು ಸರ್ವಾಧಿಕಾರಕ್ಕೆ ದಾರಿಯೆಂದು ಎಚ್ಚರಿಸಿದರು. 1975ರ ಜೂನ್ 25ರಂದು ನಮ್ಮಲ್ಲಿಯೂ ಆ ವಿಧಿಗಳು ಪ್ರಯೋಗವಾದುವು. ಪತ್ರಿಕೆಗಳ ಬಾಯಿ ಕಟ್ಟಿತು. ವಿರೋಧಿಗಳು ಸೆರೆಮನೆ ಸೇರಿದರು. ನಮ್ಮ ಭಾಗ್ಯದಿಂದ 1977ರಲ್ಲಿ ಚುನಾವಣೆ ನಡೆಯಿತು. ಜನರು ತೀರ್ಪು ಕೊಟ್ಟರು. ಸೋತವರು ಪೀಠ ಬಿಟ್ಟು ಇಳಿದರು. 1978ರ 44ನೆಯ ತಿದ್ದುಪಡಿಯು, ಯಾವ ತುರ್ತುಪರಿಸ್ಥಿತಿಯಲ್ಲಿಯೂ ಜೀವದ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಅಮಾನತಿನಲ್ಲಿಡಲಾಗದೆಂದು ವಿಧಿಸಿತು. ಬೇಲಿಯ ಒಂದು ಕಂಡಿ ಹಾಗೆ ಮುಚ್ಚಿತು.

ಆದರೆ ಬೇಲಿ ಎಷ್ಟು ಭದ್ರವಾದರೂ ಕಾಯುವವರು ಮನುಷ್ಯರೇ. ಈ ಮಠದ ಆಶ್ರಯದಲ್ಲಿ ಓದಿದ ಅನೇಕರು ಇಂದು ವಕೀಲರು, ಅಧ್ಯಾಪಕರು, ಅಧಿಕಾರಿಗಳು, ಜನಪ್ರತಿನಿಧಿಗಳಾಗಿದ್ದೀರಿ. ಜರ್ಮನಿಯಲ್ಲಿ ಅಂಕಿತ ಹಾಕಿದವರೂ, ಕೈಯೆತ್ತಿದವರೂ, ಸುಮ್ಮನಿದ್ದವರೂ ನಿಮ್ಮಂಥ ವಿದ್ಯಾವಂತರೇ; ಅವರಲ್ಲಿ ಬಹಳ ಮಂದಿ ದುಷ್ಟರಲ್ಲ. ಒಬ್ಬನು ತನ್ನ ಮಸೂದೆಗಾಗಿ, ಒಬ್ಬನು ತನ್ನ ಪದವಿಗಾಗಿ, ಒಬ್ಬನು ತನ್ನ ಸಂಸ್ಥೆಯ ರಕ್ಷಣೆಗಾಗಿ ‘ಇದೊಂದು ಸಲ’ ಎಂದುಕೊಂಡನು. ನಮಗೆ ಪ್ರಿಯವಾದ ಕಾರ್ಯಕ್ಕಾಗಿಯೇ ಆಗಲಿ, ನಮಗೆ ಬೇಡವಾದವರ ಮೇಲೆಯೇ ಆಗಲಿ, ನಿಯಮ ಮುರಿದು ಅಧಿಕಾರ ನಡೆಸುವ ಪ್ರಸಂಗ ಬಂದಾಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಅಧಿಕಾರವು ನಾಳೆ ನನ್ನ ವೈರಿಯ ಕೈಗೆ ಬಂದರೆ ಸಮ್ಮತವೇ? ಅಲ್ಲವೆಂದು ಅಂತಃಕರಣವು ನುಡಿದರೆ, ಇಂದೇ ಬೇಡವೆನ್ನಬೇಕು. ತೊಂಬತ್ತನಾಲ್ಕು ಮಂದಿಗೆ ಅಂದು ಸಾಧ್ಯವಾದುದು ಮತ್ತೊಬ್ಬರಿಗೆ ಅಸಾಧ್ಯವೇನಲ್ಲ.